ಭಾವನ ಮಂಡಿನೋವಿನ ಪುಡಿ

ಅವಳ ಜೊತೆ ಊಟಕ್ಕೆ ಕೂತವರಿಗೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಆಹಾರ ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಹದಿನಾರು ವರ್ಷ ದುಡಿದು, ಯಾವ ಪೊಟ್ಟಣ ಕಂಡರೂ ಮೊದಲು ಅದರ ಬೆನ್ನು ತಿರುಗಿಸಿ ಸಣ್ಣ ಅಕ್ಷರ ಓದುವುದು ಅವಳಿಗೆ ಚಟವಾಗಿಬಿಟ್ಟಿತ್ತು. ಸಾಸಿಗೆ ಆ ಕೆಂಪು ಎಲ್ಲಿಂದ ಬಂತು, ಬಿಸ್ಕತ್ತು ಎಂಟು ತಿಂಗಳಾದರೂ ಏಕೆ ಮೆತ್ತಗಾಗುವುದಿಲ್ಲ, ಪೊಟ್ಟಣದ ಸೂಪಿನಲ್ಲಿ ತರಕಾರಿಗಿಂತ ಉಪ್ಪು ಎಷ್ಟು ಪಟ್ಟು ಹೆಚ್ಚು, ಇದನ್ನೆಲ್ಲ ಎದುರಿನವರು ತುತ್ತೆತ್ತಿ ಬಾಯಿಗಿಡುವ ಹೊತ್ತಿಗೆ ಸರಿಯಾಗಿ ಹೇಳುವಳು. ತೂಕದ ವಿಷಯದಲ್ಲಿ ಅವಳ ಹಟ ನೋಡಿ ಪ್ರಯೋಗಾಲಯದವರು ಇಟ್ಟ ಹೆಸರು ಮಿಲಿಗ್ರಾಂ. ಹೆಸರು ಹೇಗೋ ಮನೆಗೂ ನಡೆದುಬಂತು. ಅಮ್ಮನೂ ಅಕ್ಕನೂ ಹಾಗೇ ಕರೆದರು, ಅದೇ ಉಳಿಯಿತು.

ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ ಇದ್ದದ್ದು ಅವಳು ಮತ್ತು ಅಮ್ಮ. ಅಮ್ಮ ಮೂವತ್ತೈದು ವರ್ಷ ಕಾಲಲ್ಲಿ ತುಳಿಯುವ ಹೊಲಿಗೆ ಯಂತ್ರದ ಮುಂದೆ ಕೂತು, ಶಾಲೆಯ ಸಮವಸ್ತ್ರ ಹೊಲಿದು, ಇಬ್ಬರು ಹೆಣ್ಣುಮಕ್ಕಳನ್ನು ದಡ ಸೇರಿಸಿದವಳು. ಮಂಡಿ ಎರಡನ್ನೂ ಆ ಯಂತ್ರವೇ ತಿಂದುಹಾಕಿತ್ತು. ಒಂದು ಕಾಲದಲ್ಲಿ ಬೀದಿಯನ್ನೆಲ್ಲ ಬಾಯಿಂದ ಆಳಿದವಳು ಕೆಳಗಿಳಿಯಲಾರದೆ ಕಿಟಕಿಯ ಪಕ್ಕ ಕೂತು, ಕೆಳಗೆ ಓಡಾಡುವವರ ಮೇಲೆಲ್ಲ ರೇಗುತ್ತ ದಿನ ದೂಡುತ್ತಿದ್ದಳು.

ಅಡುಗೆಮನೆಯ ಗೂಡಿನಿಂದ ಮಿಲಿಗ್ರಾಂ ಒಂದೊಂದನ್ನೇ ಗಡಿಪಾರು ಮಾಡಿದ್ದಳು. ಸೂಪಿನ ಪೊಟ್ಟಣ ಹೋಯಿತು, ಬಣ್ಣದ ಶರಬತ್ತು ಹೋಯಿತು, ಅಮ್ಮ ದಿಂಬಿನ ಕೆಳಗೆ ಬಚ್ಚಿಟ್ಟ ಕ್ರೀಮಿನ ಬಿಸ್ಕತ್ತೂ ಹೋಯಿತು. ಉಳಿದದ್ದು ಒಂದೇ ಒಂದು ಡಬ್ಬಿ. ಅದು ಭಾವನ ಡಬ್ಬಿ. ಅದನ್ನು ಅವಳು ಮುಟ್ಟಲಿಲ್ಲ, ಏಕೆಂದರೆ ಅದಕ್ಕೆ ಸಹಿ ಹಾಕಿದವಳು ತಾನೇ.

ಅಕ್ಕನ ಗಂಡ ಎರಡು ಬೀದಿಯಾಚೆ ಗಿಡಮೂಲಿಕೆ ಅಂಗಡಿ ಇಟ್ಟಿದ್ದ. ಗಲ್ಲಾದಲ್ಲಿ ಅಕ್ಕ ಕೂರುವಳು, ಒಳಗಿನ ಕೋಣೆಯಲ್ಲಿ ಭಾವ ಪುಡಿ ಬೆರೆಸುವನು. ಬೆಣ್ಣೆಯಂಥ ಮಾತಿನ ಮನುಷ್ಯ. ನೋವೆಂದು ಬಂದವರ ಕೈ ಹಿಡಿದು, "ಇನ್ನು ಹತ್ತು ದಿನ ತಡ್ಕೊಳ್ಳಿ, ಆಮೇಲೆ ನೀವೇ ಓಡೋಡಿ ಬಂದು ಹೇಳ್ತೀರಿ" ಎನ್ನುವನು. ಅವರು ಓಡೋಡಿ ಬಂದು ಹೇಳುತ್ತಿದ್ದದ್ದೂ ನಿಜ.

ಒಂದೂವರೆ ವರ್ಷದ ಹಿಂದೆ ಅವನ ಪುಡಿಯ ಮಾದರಿ ಪ್ರಯೋಗಾಲಯಕ್ಕೆ ಬಂದಿತ್ತು. ಅಲ್ಲಿ ಮಾದರಿಗೆ ಹೆಸರಿರುವುದಿಲ್ಲ, ಬರೀ ಅಂಕಿ. ಜೊತೆಗೊಂದು ಚೀಟಿ; ಚೀಟಿಯಲ್ಲಿ ಅರವತ್ತು ಚೌಕ. ಕೊಟ್ಟವರು ಯಾವ ಚೌಕಕ್ಕೆ ಗುರುತು ಹಾಕುತ್ತಾರೋ ಆ ಪರೀಕ್ಷೆ ಮಾತ್ರ. ಕೇಳದ್ದನ್ನು ನೋಡುವ ಹಾಗಿಲ್ಲ, ಕಂಡರೂ ಬರೆಯುವ ಹಾಗಿಲ್ಲ. ಈ ಚೀಟಿಯಲ್ಲಿ ಗುರುತು ಇದ್ದದ್ದು ಐದಕ್ಕೆ: ಸೀಸ, ಪಾದರಸ, ಆರ್ಸೆನಿಕ್, ರೋಗಾಣು, ಕೀಟನಾಶಕ. ಮಿಲಿಗ್ರಾಂ ಉಸಿರು ಬಿಗಿಹಿಡಿದು ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಯಲ್ಲಿ ತೂಗಿದಳು, ಯಂತ್ರಕ್ಕೆ ಕೊಟ್ಟಳು, ಐದಕ್ಕೂ "ಕಂಡುಬಂದಿಲ್ಲ" ಎಂದು ಬರೆದು ಸಹಿ ಹಾಕಿದಳು. ವಾರ ಕಳೆದು ಅಂಗಡಿಗೆ ಹೋದರೆ ಆ ವರದಿ ಚೌಕಟ್ಟಿನೊಳಗೆ ಗೋಡೆ ಏರಿತ್ತು. "ಈ ವರದಿ ಮೇಲಿನ ಪರೀಕ್ಷೆಗಳಿಗೆ ಮಾತ್ರ ಸೀಮಿತ" ಎಂಬ ಕೊನೆಯ ಸಾಲು ಚೌಕಟ್ಟಿನ ಹಿಂದಕ್ಕೆ ಮಡಿಚಿಹೋಗಿತ್ತು. ಅವಳು ಅದನ್ನು ಗಮನಿಸಿದಳು. ಗಮನಿಸಿಯೂ ಸುಮ್ಮನಾದಳು, ಏಕೆಂದರೆ ಭಾವ ಅಂಗಡಿಗೆ ಬಂದವರ ಮುಂದೆಲ್ಲ "ನಮ್ಮ ನಾದಿನಿ, ದೊಡ್ಡ ಪರೀಕ್ಷಕಿ" ಎಂದು ತೋರಿಸುತ್ತಿದ್ದ. ಹೊಗಳಿಕೆ ಯಾರಿಗೆ ಬೇಡ? ಅವಳಿಗೂ ಒಳಗೊಳಗೇ ಹಿತವಾಗಿತ್ತು.

ಅಮ್ಮ ಪುಡಿ ಶುರು ಮಾಡಿದ್ದು ಅದಾದ ಮೇಲೆಯೇ. ಬೆಳಗ್ಗೆ ಒಂದು ಚಮಚ, ಸಂಜೆ ಒಂದು ಚಮಚ, ಬಿಸಿನೀರಿನಲ್ಲಿ. ಹತ್ತನೇ ದಿನಕ್ಕೆ ಅಮ್ಮ ಗೋಡೆ ಹಿಡಿಯದೆ ನಡೆದಳು. ತಿಂಗಳಿಗೆ ಮೆಟ್ಟಿಲಿಳಿದು ಅಂಗಡಿಬೀದಿಗೆ ಹೋದಳು. ಮೂರು ತಿಂಗಳಿಗೆ ಹೊಲಿಗೆ ಯಂತ್ರದ ಮೇಲಿನ ಹೊದಿಕೆ ತೆಗೆದು ಎಣ್ಣೆ ಬಿಟ್ಟಳು. ಮನೆಯಲ್ಲಿ ಮತ್ತೆ ಕಟಕಟ ಸದ್ದು, ನೆಲದ ಮೇಲೆ ಮತ್ತೆ ದಾರದ ತುಂಡು. ಗಿಡದ ಬೇರು ಹತ್ತು ದಿನದಲ್ಲಿ ಹೀಗೆ ಕೆಲಸ ಮಾಡುತ್ತದೆಯೇ ಎಂದು ಬೇರೆ ಯಾರ ಮನೆಯಲ್ಲಾದರೂ ಅವಳು ನೂರು ಸಲ ಕೇಳುತ್ತಿದ್ದಳು. ಇಲ್ಲಿ ಕೇಳಲಿಲ್ಲ. ತನ್ನ ಸಹಿಯ ಮೇಲೆ ಅಷ್ಟು ನಂಬಿಕೆ ಹೆಣ್ಣಿಗೆ.

ಕಣ್ಣು ತೆರೆಸಿದ್ದು ಒಂದು ತೋಳು. ಒಂದು ಗುರುವಾರ ಬೆಳಗ್ಗೆ ಅಮ್ಮ ಮೇಲಿನ ಗೂಡಿನಿಂದ ಪಾತ್ರೆ ತೆಗೆಯಲು ಕೈಯೆತ್ತಿದಾಗ ರವಿಕೆಯ ತೋಳು ಸರಿದು, ನಾಲ್ಕು ಕಡೆ ಕಪ್ಪು ನೀಲಿಗಟ್ಟಿದ್ದು ಕಂಡಿತು.

"ಇದೇನಮ್ಮ, ಎಲ್ಲಿ ಬಿದ್ದೆ?"

"ಬೀಳೋದ್ಯಾಕೆ? ತರಕಾರಿ ಚೀಲದ ಹಿಡಿ ತಾಗಿದ್ದು."

ಚೀಲದ ಹಿಡಿ ತಾಗಿದರೆ ಹೀಗಾಗುವುದಿಲ್ಲ. ಮಿಲಿಗ್ರಾಂ ಅಮ್ಮನ ಗದ್ದ ಹಿಡಿದು ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿದಳು. ವರ್ಷದಿಂದ ನೆರೆಯವರೆಲ್ಲ ಮೈಕೈ ತುಂಬಿಕೊಂಡಿದ್ದೀರಿ ಎಂದು ಹೊಗಳಿದ ಮುಖ ತಟ್ಟೆಯಷ್ಟು ದುಂಡಗಾಗಿತ್ತು. ತುಂಬಿದ್ದು ಮುಖ ಮತ್ತು ಹೊಟ್ಟೆ ಮಾತ್ರ, ಕೈಕಾಲು ಕಡ್ಡಿ. ತೋಳಿನ ಚರ್ಮ ಈರುಳ್ಳಿಯ ಪೊರೆಯಷ್ಟು ತೆಳ್ಳಗೆ. ಹಿಂದಿನ ವರ್ಷ ಬೇರೆ ಯಾವುದೋ ಊರಿನ ನೋವಿನ ಪುಡಿಯ ಕಡತವೊಂದು ಅವಳ ಮೇಜಿಗೆ ಬಂದಿತ್ತು. ಅದರಲ್ಲಿ ಇಂಥದೇ ಮುಖಗಳ ವರ್ಣನೆ ಇತ್ತು.

ಅಂದೇ ಒಂದು ಚಮಚ ಪುಡಿಯನ್ನು ಕಾಗದದಲ್ಲಿ ಕಟ್ಟಿಕೊಂಡು ಹೋದಳು. ಅಂಕಿಯಿಲ್ಲದ, ಚೀಟಿಯಿಲ್ಲದ ಮಾದರಿಯನ್ನು ಯಂತ್ರಕ್ಕೆ ಹಾಕುವುದು ಅಲ್ಲಿ ಕಳ್ಳತನಕ್ಕೆ ಸಮ. ಶನಿವಾರ ಊಟದ ವಿರಾಮದಲ್ಲಿ, ಉಳಿದವರೆಲ್ಲ ಕೆಳಗಿಳಿದಿದ್ದಾಗ, ಪುಡಿಯನ್ನು ಕರಗಿಸಿ ಸೋಸಿ ಪುಟ್ಟ ಶೀಶೆಗೆ ತುಂಬಿ ಯಂತ್ರದೊಳಗಿಟ್ಟು ಪರದೆಯ ಮುಂದೆ ನಿಂತಳು. ಹಸಿರು ಗೆರೆ ಐದು ನಿಮಿಷ ನೆಲ ಹಿಡಿದು ತೆವಳಿತು. ಆರನೇ ನಿಮಿಷಕ್ಕೆ ಸೆಟೆದು ಮೇಲೆದ್ದಿತು. ನೋವನ್ನು ತಟ್ಟನೆ ಅಡಗಿಸುವ ಸ್ಟೀರಾಯ್ಡ್ ಔಷಧಿಯನ್ನು ಶುದ್ಧವಾಗಿ ಹಾಕಿದರೆ ಎಲ್ಲಿ ಏಳಬೇಕೋ ಸರಿಯಾಗಿ ಅಲ್ಲೇ. ಅವಳು ಮೂರು ಸಲ ಹಾಕಿ ನೋಡಿದಳು. ಮೂರು ಸಲವೂ ಅದು ಅಲ್ಲೇ ಎದ್ದಿತು.

ಅಳು ಬರಲಿಲ್ಲ, ಬಂದದ್ದು ಸಿಟ್ಟು. ಭಾವನ ಮೇಲೆ ಬಂದದ್ದು ಎಷ್ಟೋ, ತನ್ನ ಮೇಲೆ ಬಂದದ್ದೂ ಅಷ್ಟೇ. ಆದರೆ ತನ್ನ ಮೇಲಿನದನ್ನು ಇಟ್ಟುಕೊಳ್ಳಲು ಜಾಗ ಸಾಲದೆ ಅದನ್ನೂ ಭಾವನ ಲೆಕ್ಕಕ್ಕೇ ಸೇರಿಸಿದಳು.

ಭಾನುವಾರ ಅಕ್ಕ ಭಾವ ಊಟಕ್ಕೆ ಬರುವ ರೂಢಿ. ನಾಲ್ವರೂ ಕೂತು ಮೊದಲ ತುತ್ತು ಎತ್ತುವಾಗ ಮಿಲಿಗ್ರಾಂ ಭಾವನ ತಟ್ಟೆಯ ಪಕ್ಕ ಕಾಗದ ಇಟ್ಟಳು.

"ಏನಮ್ಮ ಇದು?"

"ನಿಮ್ಮ ಪುಡಿ, ಭಾವ. ಓದ್ಕೊಳ್ಳಿ. ಒಂದು ಚಮಚಕ್ಕೆ ಎಷ್ಟು ಸ್ಟೀರಾಯ್ಡ್ ಅಂತ ಬರ್ದಿದೀನಿ."

ಭಾವ ಓದಲಿಲ್ಲ. ಕಾಗದವನ್ನು ಬೆರಳ ತುದಿಯಿಂದ ಆಚೆ ಸರಿಸಿ ನೀರು ಕುಡಿದ. "ಏನೂ ಇಲ್ಲ ಅಂತ ಬರ್ಕೊಟ್ಟವಳೂ ನೀನೇ. ಈಗ ಇದೆ ಅನ್ನೋಳೂ ನೀನೇ. ನಿನ್ನ ಯಾವ ಬಾಯಿ ನಂಬೋಣ ಹೇಳು."

"ನೀವು ಕೇಳಿದ್ದು ಸೀಸ, ಪಾದರಸ. ಸ್ಟೀರಾಯ್ಡ್ ಚೌಕಕ್ಕೆ ಗುರುತು ಹಾಕಿದ್ರಾ?"

"ಹಾಕದಿದ್ರೆ ಹೇಳಬಾರದಾ? ನಿನ್ನ ಅಮ್ಮ ತಿನ್ನೋದು ಅಂತ ಗೊತ್ತಾದ ಮೇಲಾದ್ರೂ ಒಂದ್ಸಲ ನೋಡಬಾರದಿತ್ತಾ? ದಿನಾ ಬಿಸ್ಕತ್ತಿನ ಬೆನ್ನು ಓದ್ತೀಯಲ್ಲ."

ಅವಳು ದನಿ ಏರಿಸಿದಳು. "ಅದನ್ನ ಬೆರೆಸಿದ್ದು ನಾನಲ್ಲ. ಏನು ಬೆರೆಸ್ತೀರಿ ಆ ಕೋಣೇಲಿ?"

"ಬೇರು, ತೊಗಟೆ, ಎಲೆ. ಮೂಟೆಗೊಂದು ಸತ್ವದ ಪೊಟ್ಟಣ. ಅದು ಸಗಟಿನವನು ಕೊಡೋದು."

"ಬೆಳ್ಳಗಿರೋದಾ?"

"ಬೆಳ್ಳಗಿರುತ್ತೆ. ಏನೀಗ?"

"ಅದರಲ್ಲಿ ಏನಿದೆ ಅಂತ ಕೇಳಿದ್ರಾ?"

ಭಾವ ಮತ್ತೆ ನೀರಿನ ಲೋಟ ಎತ್ತಿದ. ಅಕ್ಕ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದಳು. "ನಮ್ಮ ಅಂಗಡಿ ನಡೀತಿರೋದು ನೋಡಿ ನಿನಗೆ ಹೊಟ್ಟೆಕಿಚ್ಚು ಕಣೇ. ಒಂಟಿಯಾಗಿ ಕೂತು ಕೂತು ನಿನ್ನ ರಕ್ತವೇ ಹುಳಿಯಾಗಿದೆ. ಯಾರ ಬಾಯಿಗೂ ಒಂದು ರುಚಿ ಹೋಗಬಾರದು, ಯಾರ ಮನೇಲೂ ಒಂದು ನಗು ಇರಬಾರದು."

"ಅಮ್ಮನ ತೋಳು ನೋಡಿದೀಯೇನೆ ನೀನು?"

"ಅಮ್ಮನ ಕಾಲು ನೋಡಿದೀನಿ."

"ನನ್ನ ಕಾಲು ನಾನೂ ನೋಡಿದೀನಿ" ಎಂದಳು ಅಮ್ಮ. ಅವಳು ಮಗಳ ಕಡೆ ನೋಡುತ್ತಲೂ ಇರಲಿಲ್ಲ. "ಆರು ವರ್ಷ ಕಿಟಕೀಲಿ ಕೂತಿದ್ದೆ. ಆಗ ನಿನ್ನ ಯಂತ್ರ ಏನು ಕೊಡ್ತು? ಅಳಿಯಂದಿರು ಕೊಟ್ಟಿದ್ದರಿಂದ ಎದ್ದು ನಿಂತೆ. ಅದರಲ್ಲಿ ಏನಾದ್ರೂ ಇರಲಿ. ನನಗೆ ಅದು ಬೇಕು."

ಭಾವನಿಗೆ ಧೈರ್ಯ ಬಂತು. "ಕೇಳಿದ್ಯಾ? ಎಲ್ಲರೂ ಹೀಗೇ ಹೇಳೋದು. ನನ್ನ ಪುಡಿ ಬಿಟ್ಟವರು ನಾಲ್ಕೇ ದಿನಕ್ಕೆ ಹಾಸಿಗೆ ಹಿಡೀತಾರೆ, ವಾಂತಿ, ಸುಸ್ತು, ಮತ್ತೆ ನನ್ನ ಬಾಗಿಲಿಗೇ ಬರ್ತಾರೆ. ಮತ್ತೆ ಒಂದು ಚಮಚ ಹೋಗ್ತಿದ್ದ ಹಾಗೆ ಎದ್ದು ಕೂರ್ತಾರೆ. ಅಂಥಾ ಗುಣ ಇದೆ ಇದರಲ್ಲಿ."

ವ್ಯಾಪಾರಿಯ ಬಡಾಯಿ ಎಂದು ಮಿಲಿಗ್ರಾಂ ಆ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಅಂದು ಆ ಮೇಜಿನ ಸುತ್ತ ಆಡಿದ ಮಾತುಗಳಲ್ಲೆಲ್ಲ ಕೇಳಿಸಿಕೊಳ್ಳಬೇಕಾದದ್ದು ಅದೊಂದೇ ಆಗಿತ್ತು.

ಅವಳು ಎದ್ದು ಅಡುಗೆಮನೆಗೆ ಹೋದಳು. ತೆರೆದದ್ದೊಂದು, ಮುಂದಕ್ಕೆಂದು ತಂದಿಟ್ಟ ತೆರೆಯದ್ದೆರಡು, ಮೂರೂ ಡಬ್ಬಿಗಳನ್ನು ತೋಳಿಗೆ ಒತ್ತಿಕೊಂಡು ಶೌಚದ ಕೋಣೆಗೆ ನಡೆದಳು. ಮುಚ್ಚಳ ತೆಗೆದು ಸುರಿದು ನೀರು ಬಿಟ್ಟಳು. ಕಂದು ಪುಡಿ ಮುದ್ದೆಗಟ್ಟಿ ಸುತ್ತಿ ಸುತ್ತಿ ಇಳಿಯಿತು, ಎರಡನೇ ಸಲ ನೀರು ಬಿಡಬೇಕಾಯಿತು. ಅಮ್ಮ ಹಿಂದೆಯೇ ಬಂದು ಬಾಗಿಲು ಹಿಡಿದು ನಿಂತಳು. ಮಗಳು ತಿರುಗಿದಾಗ ಅಮ್ಮನ ಕಣ್ಣಲ್ಲಿ ಇದ್ದದ್ದು ನೀರಲ್ಲ, ದ್ವೇಷ.

"ಇನ್ನೊಂದು ಚಮಚ ಈ ಮನೆಗೆ ಬಂದ್ರೆ ಅಂಗಡಿಗೆ ಬೀಗ ಬೀಳುತ್ತೆ, ಭಾವ. ನನ್ನ ಮೇಲಿನವರಿಗೆ ಒಂದು ಕಾಗದ ಕೊಟ್ಟರೆ ಸಾಕು."

"ಬಾರೇ" ಎಂದ ಭಾವ, ಅಕ್ಕನಿಗೆ. ಅರ್ಧ ಊಟ ಹಾಗೇ ಬಿಟ್ಟು ಇಬ್ಬರೂ ಹೋದರು. ಮಿಲಿಗ್ರಾಂ ಆ ತಟ್ಟೆಗಳನ್ನು ತೊಳೆಯುತ್ತ, ಬಹಳ ದಿನಗಳ ಮೇಲೆ ಒಂದು ಸರಿಯಾದ ಕೆಲಸ ಮಾಡಿದೆ ಎಂದುಕೊಂಡಳು.

ಸೋಮವಾರ ಅಮ್ಮ ಎದ್ದದ್ದು ತಡವಾಗಿ. ಯಂತ್ರದ ಬಳಿ ಹೋಗಲಿಲ್ಲ. ಮಗಳು ಅನ್ನ ಬಡಿಸಿದರೆ ತಟ್ಟೆ ದೂಡಿದಳು. ಮುನಿಸು ಎಂದುಕೊಂಡಳು ಮಿಲಿಗ್ರಾಂ. ಅಮ್ಮನ ಮುನಿಸು ಅವಳಿಗೆ ಹೊಸದಲ್ಲ. ಚಿಕ್ಕಂದಿನಲ್ಲಿ ಅಪ್ಪನ ಮೇಲೆ ಸಿಟ್ಟಾದಾಗ ಅಮ್ಮ ಎರಡೆರಡು ದಿನ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದದ್ದು, ಅಪ್ಪ ಬಾಗಿಲಲ್ಲಿ ನಿಂತು ತಪ್ಪಾಯಿತು ಎನ್ನುವವರೆಗೂ ಏಳದಿದ್ದದ್ದು ಕಂಡವಳೇ.

"ತಲೆ ಸುತ್ತುತ್ತೆ" ಎಂದಳು ಅಮ್ಮ ಮಂಗಳವಾರ.

"ಊಟ ಬಿಟ್ಟರೆ ಸುತ್ತದೆ ಇರುತ್ತಾ? ಊಟ ಮಾಡು."

"ಹೊಟ್ಟೇಲಿ ನಿಲ್ಲಲ್ಲ ಕಣೇ. ಒಂದೇ ಒಂದು ಚಮಚ ತರಿಸ್ಕೊಡು."

"ಅದೊಂದು ಬಿಟ್ಟು ಬೇರೆ ಏನಾದ್ರೂ ಕೇಳು."

"ನಿನ್ನ ಕಾಲಿಗೆ ಬೀಳ್ತೀನಿ."

"ಸಾಕು ಮಾಡಮ್ಮ ನಾಟಕ."

ಹೀಗೆಂದದ್ದು ಅವಳೇ. ಮೂವತ್ತೈದು ವರ್ಷ ಯಂತ್ರ ತುಳಿದವಳು ಕಾಲಿಗೆ ಬೀಳುತ್ತೇನೆ ಎಂದಾಗ, ಅದು ನಾಟಕ ಎಂದು ಚಪ್ಪಲಿ ಮೆಟ್ಟಿ ಕೆಲಸಕ್ಕೆ ಹೋದಳು. ಬುಧವಾರ ಅಮ್ಮ ಎರಡು ಸಲ ವಾಂತಿ ಮಾಡಿದಳು. ಅಕ್ಕ ಫೋನು ಮಾಡಿ, ನಾನು ಬಂದು ನೋಡುತ್ತೇನೆ ಎಂದಳು. ಬರುವ ನೆಪದಲ್ಲಿ ಪುಡಿ ತಂದಾಳು ಎಂದು ಮಿಲಿಗ್ರಾಂ ಬೇಡವೆಂದಳು. ಹೋಗುವಾಗ ಹೊರಗಿಂದ ಬಾಗಿಲಿಗೆ ಬೀಗವನ್ನೂ ಹಾಕಿದಳು. ಪುಡಿಯ ಚಟ ಇಳಿಯಲು ಇನ್ನೆರಡು ದಿನ ಬೇಕು, ಇಳಿಯುತ್ತದೆ, ಎಂಬುದು ಅವಳ ಎಣಿಕೆ. ಓದಿದ ಕಡತದ ಬಲ ಅಷ್ಟಿತ್ತು. ಆ ಕಡತ ಪುಡಿ ಜಪ್ತಿಯಾದಲ್ಲಿಗೆ ಮುಗಿದಿತ್ತು. ತಿನ್ನುತ್ತಿದ್ದವರು ಆಮೇಲೆ ಏನಾದರು ಎಂಬುದು ಅದರಲ್ಲಿರಲಿಲ್ಲ. ಅವಳೂ ಕೇಳಿರಲಿಲ್ಲ.

ಗುರುವಾರ ಬೆಳಗ್ಗೆ ಬಚ್ಚಲಿನಲ್ಲಿ ಚೊಂಬು ಬಿದ್ದ ಸದ್ದಾಯಿತು. ಅಮ್ಮ ಗೋಡೆಗೊರಗಿ ನೆಲದ ಮೇಲೆ ಕುಸಿದಿದ್ದಳು. ಮೈ ತಣ್ಣಗಿತ್ತು, ಬೆವರಿನಿಂದ ಒದ್ದೆಯಾಗಿತ್ತು. ಕರೆದರೆ ಕಣ್ಣು ತೆರೆಯುವಳು, ಆದರೆ ಆ ಕಣ್ಣು ಯಾರನ್ನೂ ನೋಡುತ್ತಿರಲಿಲ್ಲ. ಮಿಲಿಗ್ರಾಂ ಅಮ್ಮನನ್ನು ಎತ್ತಲು ಹೋದಳು; ಒದ್ದೆ ಮೈ ಜಾರಿ ಎತ್ತಲಾಗಲಿಲ್ಲ. ಕೆಳಮನೆಯವರು ಬಂದು ಕುರ್ಚಿಯಲ್ಲಿ ಕೂರಿಸಿ ಮೂರು ಮಹಡಿ ಇಳಿಸಿದರು.

ಆಸ್ಪತ್ರೆಯ ತುರ್ತು ಕೋಣೆಯಲ್ಲಿದ್ದ ವೈದ್ಯೆ ಮಾತಿನಲ್ಲಿ ಬಲು ಜಿಪುಣಿ. ರಕ್ತದ ಒತ್ತಡ ನೋಡಿ ಹುಬ್ಬು ಗಂಟಿಕ್ಕಿದಳು, ಮುಖ ನೋಡಿದಳು, ತೋಳು ನೋಡಿದಳು.

"ಯಾವ ಔಷಧಿ ತಗೊಳ್ತಿದ್ರು?"

"ಏನೂ ಇಲ್ಲ ಡಾಕ್ಟ್ರೇ" ಎಂದಳು ಓಡಿ ಬಂದಿದ್ದ ಅಕ್ಕ. "ಬರೀ ಗಿಡಮೂಲಿಕೆ ಪುಡಿ."

"ಸ್ಟೀರಾಯ್ಡ್" ಎಂದಳು ಮಿಲಿಗ್ರಾಂ. ಯಾವ ಸ್ಟೀರಾಯ್ಡ್, ಚಮಚಕ್ಕೆ ಎಷ್ಟು, ದಿನಕ್ಕೆ ಎಷ್ಟು ಸಲ, ಎಷ್ಟು ತಿಂಗಳಿಂದ, ಎಲ್ಲವನ್ನೂ ಒಪ್ಪಿಸಿದಳು. ವೈದ್ಯೆ ಸೂಜಿಮದ್ದಿಗೆ ಹೇಳುತ್ತಲೇ ಇವಳನ್ನು ದಿಟ್ಟಿಸಿದಳು.

"ಇಷ್ಟು ನಿಖರವಾಗಿ ಹೇಗೆ ಗೊತ್ತು?"

"ಪರೀಕ್ಷೆ ಮಾಡಿದೆ. ಅದೇ ನನ್ನ ಕೆಲಸ."

"ನಿಲ್ಲಿಸಿದ್ದು ಯಾರು?"

"ನಾನು. ಭಾನುವಾರ."

"ಪೂರ್ತಿ? ಒಂದೇ ಸಲಕ್ಕೆ?"

"ಪೂರ್ತಿ."

ವೈದ್ಯೆ ಕೈಯಲ್ಲಿದ್ದ ಚೀಟಿ ಕೆಳಗಿಟ್ಟಳು. ಆಮೇಲೆ ಮಕ್ಕಳಿಗೆ ಹೇಳುವ ಹಾಗೆ ಹೇಳಿದಳು. ಈ ವಸ್ತುವನ್ನು ದೇಹ ತಾನೇ ದಿನಾ ಒಂದಿಷ್ಟು ತಯಾರಿಸುತ್ತದೆ. ಹೊರಗಿಂದ ವರ್ಷಗಟ್ಟಲೆ ಸುರಿದರೆ, ತನ್ನ ಕೆಲಸ ಇನ್ನೇನಿದೆ ಎಂದು ನಿಲ್ಲಿಸಿಬಿಡುತ್ತದೆ. ಆಮೇಲೆ ತಟ್ಟನೆ ಕಿತ್ತುಕೊಂಡರೆ ಒಳಗೂ ಇಲ್ಲ, ಹೊರಗೂ ಇಲ್ಲ. ಮನುಷ್ಯ ಹೀಗೆ ನೆಲಕ್ಕೆ ಬೀಳುತ್ತಾನೆ. "ಪುಡಿ ಕೊಟ್ಟವನಿಗೆ ಬುದ್ಧಿ ಇಲ್ಲ, ಸರಿ. ಗೊತ್ತಿದ್ದ ನೀವು ಒಬ್ಬ ಡಾಕ್ಟರನ್ನ ಒಂದು ಮಾತು ಕೇಳೋಕೆ ಏನಾಗಿತ್ತು? ಇನ್ನೊಂದು ಗಂಟೆ ತಡ ಮಾಡಿದ್ರೆ ನನ್ನ ಹತ್ರ ಕರ್ಕೊಂಡು ಬರೋ ಅಗತ್ಯ ಇರ್ತಿರಲಿಲ್ಲ."

ಹದಿನಾರು ವರ್ಷದಲ್ಲಿ ಅವಳನ್ನು ಯಾರೂ ಹೀಗೆ ಅಂದಿರಲಿಲ್ಲ, ಅದಕ್ಕಿಂತ ನಿಜವಾದದ್ದನ್ನೂ ಅಂದಿರಲಿಲ್ಲ.

ಹೊರಗಿನ ಮೊಗಸಾಲೆಯಲ್ಲಿ ಭಾವ ಪ್ಲಾಸ್ಟಿಕ್ಕಿನ ಕುರ್ಚಿಯ ಅಂಚಿಗೆ ಕೂತಿದ್ದ. ಇವಳನ್ನು ಕಂಡು ಎದ್ದ.

"ನಾನು ಹೇಳಿರ್ಲಿಲ್ವಾ? ಬಿಟ್ಟವರು ಹಾಸಿಗೆ ಹಿಡೀತಾರೆ ಅಂತ ಎದುರಿಗೇ ಹೇಳಿದ್ದೆ."

"ಬಡಾಯಿ ಕೊಚ್ಚಿದ್ರಿ. ಅದು ಹೇಳೋ ರೀತಿಯಾ?"

"ಹೇಗೋ ಒಂದು ಹೇಳಿದ್ದೆ. ನೀನು ಕೇಳಲಿಲ್ಲ. ಪೊಟ್ಟಣದಲ್ಲಿ ಏನಿದೆ ಅಂತ ನಾನು ಕೇಳಲಿಲ್ಲ. ಈಗ ನನಗಿಂತ ನೀನೇನು ಮೇಲು, ಹೇಳು ನೋಡೋಣ."

ಕಪಾಳಕ್ಕೆ ಬಾರಿಸಬೇಕೆನಿಸಿತು ಅವಳಿಗೆ. ಕೈ ಏಳಲಿಲ್ಲ. ಬೇರೆ ಮಾತು ಬಾಯಿಗೆ ಬಂತು.

"ಎಷ್ಟು ಜನ ತಿಂತಿದ್ದಾರೆ, ಭಾವ?"

"ಅಂಗಡಿಗೆ ಬೀಗ ಹಾಕಿಸ್ತೀನಿ ಅಂದ್ಯಲ್ಲ, ಹಾಕಿಸು ಹೋಗು."

"ಎಷ್ಟು ಜನ?"

ಅವನು ನೆಲ ನೋಡಿದ. "ಇನ್ನೂರು ಚಿಲ್ಲರೆ."

ದೂರಿನ ಕಾಗದ ಸೋಮವಾರದಿಂದಲೂ ಅವಳ ಚೀಲದಲ್ಲೇ ಇತ್ತು. ಅಕ್ಕನ ಮುಖ ನೆನೆದು ಎರಡು ದಿನ, ಕೆಲಸದ ಗಡಿಬಿಡಿಯಲ್ಲಿ ಒಂದು ದಿನ ಕೊಡದೆ ಉಳಿದಿತ್ತು. ಕೊಟ್ಟಿದ್ದರೆ ಅಂದೇ ಅಂಗಡಿಗೆ ಬೀಗ ಬೀಳುತ್ತಿತ್ತು, ಇನ್ನೂರು ಮನೆಗಳ ಡಬ್ಬಿ ವಾರದೊಳಗೆ ಬರಿದಾಗುತ್ತಿತ್ತು. ಅಷ್ಟೂ ಮನೆಗಳ ಬಚ್ಚಲ ನೆಲ ಅವಳ ಕಣ್ಣ ಮುಂದೆ ಬಂತು.

"ಫೋನು ತೆಗೀರಿ. ಒಬ್ಬೊಬ್ಬರಿಗೂ ಹೇಳಿ. ಪುಡೀಲಿ ಸ್ಟೀರಾಯ್ಡ್ ಇದೆ, ನೀವಾಗೇ ನಿಲ್ಲಿಸಬೇಡಿ, ಇವತ್ತೇ ಡಾಕ್ಟರ ಹತ್ರ ಡಬ್ಬಿ ಹಿಡ್ಕೊಂಡು ಹೋಗಿ ಅಂತ."

"ನನ್ನ ಬಾಯಿಂದಲೇ ಹೇಳ್ಬೇಕಾ? ಜನ ನನ್ನ ಸಿಗಿದು ಹಾಕ್ತಾರೆ."

"ಸಿಗೀಲಿ."

ಒಳಗೆ ಮಲಗಿದ್ದವಳ ಭಯವೋ, ಇವಳ ಮುಖದ ಭಯವೋ, ಭಾವ ಫೋನು ತೆಗೆದ. ಮೂರು ದಿನ ಆ ಕುರ್ಚಿಯಲ್ಲೇ ಕೂತು ಬೈಗುಳ ತಿಂದ. ಕೆಲವರು ಹೆತ್ತವರನ್ನೂ ಎಳೆತಂದು ಬೈದರು, ಕೆಲವರು ಅತ್ತರು, ಒಬ್ಬ ಮುದುಕ ಮಾತ್ರ, ಏನಿದ್ದರೂ ಇನ್ನೆರಡು ಡಬ್ಬಿ ಎತ್ತಿಡಪ್ಪ ಎಂದ. ಮಿಲಿಗ್ರಾಂ ಪಕ್ಕದಲ್ಲೇ ನಿಂತು, ಹೇಳಿ ಮುಗಿಸಿದ ಪ್ರತಿ ಹೆಸರಿಗೂ ಗುರುತು ಹಾಕಿದಳು. ನಾಲ್ಕನೇ ದಿನ ತನ್ನ ಹಳೆಯ ವರದಿ, ಹೊಸ ವರದಿ ಎರಡನ್ನೂ ಲಗತ್ತಿಸಿ ದೂರು ಕೊಟ್ಟಳು. ಅಂಗಡಿಗೆ ಬೀಗ ಬಿತ್ತು, ಭಾವನ ಮೇಲೆ ಮೊಕದ್ದಮೆ ಬಿತ್ತು. ಕದ್ದು ಯಂತ್ರ ಮುಟ್ಟಿದ್ದಕ್ಕೆ ಅವಳಿಗೂ ನೋಟೀಸು ಬಂತು, ತಕ್ಕಡಿಯಿಂದ ಎಬ್ಬಿಸಿ ಕಡತ ಜೋಡಿಸುವ ಕೋಣೆಗೆ ಹಾಕಿದರು. ಅಕ್ಕ ಮಾತು ಬಿಟ್ಟಳು. ಇದಾವುದಕ್ಕೂ ಅವಳು ಎದುರಾಡಲಿಲ್ಲ.

ಅಮ್ಮ ಬದುಕಿದಳು. ಒಂಬತ್ತನೇ ದಿನ ಮನೆಗೆ ಬಂದಳು. ಬರುವ ಮುಂಚೆ ವೈದ್ಯೆ ಮಾತ್ರೆಯ ಚೀಟಿ ಕೊಟ್ಟು ವಿವರಿಸಿದಳು. ಅದೇ ಜಾತಿಯ ಔಷಧಿ, ಬೆಳಗ್ಗೆ ಇಷ್ಟು, ಪ್ರತಿ ಮೂರು ವಾರಕ್ಕೆ ಸ್ವಲ್ಪ ಸ್ವಲ್ಪ ಕಡಿಮೆ, ಒಂದು ದಿನವೂ ತಪ್ಪಬಾರದು, ಒಂದು ಚೂರೂ ಹೆಚ್ಚಬಾರದು. ಎಂಟು ತಿಂಗಳಾಗಬಹುದು, ವರ್ಷವೇ ಆಗಬಹುದು.

ಅಮ್ಮನಿಗೆ ಕಿವಿಯೇನೂ ಮಂದವಾಗಿರಲಿಲ್ಲ. "ಅದೇ ಔಷಧಿ ಅಂತೀರಾ? ಹಾಗಿದ್ರೆ ಅಳಿಯಂದಿರು ಕೊಟ್ಟಿದ್ದನ್ನ ಇವಳು ಯಾಕೆ ಚೆಲ್ಲಿದ್ಳು?"

"ಅದು ಲೆಕ್ಕವಿಲ್ಲದ್ದು, ಇದು ಲೆಕ್ಕ ಇರೋದು, ತಾಯಿ."

"ಅದು ನನ್ನ ನಡೆಸ್ತು" ಎಂದಳು ಅಮ್ಮ. "ಇವಳು ನಿಲ್ಲಿಸಿದ್ದು ನನ್ನ ಮಲಗಿಸ್ತು. ನನಗೆ ಗೊತ್ತಿರೋ ಲೆಕ್ಕ ಇಷ್ಟೇ."

ಮಾತ್ರೆ ಕೊಡುವ ಕೆಲಸ ಅಕ್ಕ ಮಾಡಲಿ ಎಂದು ಅಮ್ಮ ಹಟ ಹಿಡಿದಳು. ಆದರೆ ಅಕ್ಕ ಆಗ ಭಾವನ ವಕೀಲರ ಹಿಂದೆ ಅಲೆಯುತ್ತಿದ್ದಳು. ಉಳಿದವಳು ಮಿಲಿಗ್ರಾಂ. ದಿನಾ ಬೆಳಗ್ಗೆ ಏಳಕ್ಕೆ ಮಾತ್ರೆ, ನೀರು. ಅಮ್ಮ ಅದನ್ನು ಅಂಗೈಯಲ್ಲಿಟ್ಟು ಹೊರಳಿಸಿ ನೋಡಿ, ಮಗಳ ಮುಖ ನೋಡಿ, ಆಮೇಲೆ ಬಾಯಿಗೆ ಹಾಕುವಳು. ಮೊದಲ ಮೂರು ವಾರ ಮೆಟ್ಟಿಲು ಇಳಿದು ಹತ್ತಿದಳು. ಎರಡನೇ ಮೂರು ವಾರ ಕಂಬಿ ಹಿಡಿದು ಹತ್ತಿದಳು. ಆರನೇ ಸಲ ಮಾತ್ರೆ ಕಡಿಮೆಯಾಗುವ ಹೊತ್ತಿಗೆ ಹೊಲಿಗೆ ಯಂತ್ರಕ್ಕೆ ಮತ್ತೆ ಹೊದಿಕೆ ಬಿತ್ತು. ದುಂಡು ಮುಖ ಇಳಿದು ಹಳೆಯ ಅಮ್ಮ ಹೊರಬಂದಳು. ತೋಳಿನ ನೀಲಿ ಮಾಸಿತು. ಅದರ ಜೊತೆಗೇ ಪುಡಿ ಅಡಗಿಸಿಟ್ಟಿದ್ದ ನೋವೆಲ್ಲ ಒಂದಿಷ್ಟೂ ಸವೆಯದೆ ವಾಪಸು ಬಂತು. ವೈದ್ಯೆ ನೋವಿಗೆ ಬೇರೆ ಮಾತ್ರೆ ಕೊಟ್ಟಳು, ಎಣ್ಣೆ ಕೊಟ್ಟಳು, ವ್ಯಾಯಾಮ ಹೇಳಿದಳು. ಅವು ಮಾಡಿದ್ದು ಅಷ್ಟಕ್ಕಷ್ಟೇ. ಮಗಳಿಗೆ ಇದೆಲ್ಲ ಹೀಗೇ ಆಗುತ್ತದೆಂದು ಗೊತ್ತಿತ್ತು. ಗೊತ್ತಿದ್ದೂ ಪ್ರತಿ ಮೂರು ವಾರಕ್ಕೊಮ್ಮೆ ತನ್ನ ಕೈಯಾರೆ ಅಮ್ಮನ ನಡಿಗೆಯಿಂದ ಒಂದು ಚೂರು ಕತ್ತರಿಸಬೇಕಿತ್ತು.

ಏಳನೇ ತಿಂಗಳಲ್ಲಿ ಒಂದು ಬೆಳಗ್ಗೆ ಅವಳು ಬ್ಲೇಡಿನಿಂದ ಮಾತ್ರೆಯನ್ನು ಎರಡು ಮಾಡುತ್ತಿದ್ದಾಗ ಅಮ್ಮ ಹಾಸಿಗೆಯಿಂದಲೇ ನೋಡುತ್ತಿದ್ದಳು.

"ಮತ್ತೆ ಕಮ್ಮಿಯಾ?"

"ಹೂಂ. ಇವತ್ತಿಂದ ಅರ್ಧ."

"ಇನ್ನರ್ಧ?"

"ನಾಳೆಗೆ."

"ಇವತ್ತೇ ಕೊಡು. ಕೆಳಗಿಳಿದು ಬೀದಿ ನೋಡಿ ಎಷ್ಟು ದಿನ ಆಯ್ತು ಗೊತ್ತಾ ನಿನಗೆ?"

"ಗೊತ್ತು. ಕೊಡಲ್ಲಮ್ಮ."

"ಅಳಿಯಂದಿರು ಆಗಿದ್ರೆ ಕೊಡ್ತಿದ್ರು."

"ಹೌದು, ಅವರಾಗಿದ್ರೆ ಕೊಡ್ತಿದ್ರು."

ಅಮ್ಮ ಅರ್ಧ ಮಾತ್ರೆ ನುಂಗಿ ಗೋಡೆಯ ಕಡೆ ತಿರುಗಿದಳು. ಸ್ವಲ್ಪ ಹೊತ್ತಾಯಿತು. ಬಚ್ಚಲಿಗೆ ಹೋಗಬೇಕಿತ್ತು, ಒಬ್ಬಳೇ ಏಳಲಾಗುತ್ತಿರಲಿಲ್ಲ, ಕರೆಯಲು ಮನಸ್ಸಿರಲಿಲ್ಲ. ಕಡೆಗೆ ಮುಖ ಗೋಡೆಗಿಟ್ಟುಕೊಂಡೇ ಒಂದು ತೋಳನ್ನು ಹಿಂದಕ್ಕೆ ಚಾಚಿದಳು. ಮಿಲಿಗ್ರಾಂ ಬಂದು ಆ ತೋಳಿನ ಕೆಳಗೆ ತನ್ನ ಹೆಗಲು ಕೊಟ್ಟಳು.

"ಮೆಲ್ಲಗೆ" ಎಂದಳು ಅಮ್ಮ. "ನಿನ್ನ ಕೈ ಅಂದ್ರೆ ನನಗೆ ಹೆದರಿಕೆ."

"ನನಗೂ ಕಣಮ್ಮ" ಎಂದು ಮಗಳು ಮೆಲ್ಲಗೆ ಎತ್ತಿದಳು.